ಓದುಗರೊಡನೆ: ಹೈದರಾಲಿಯ ಹೆಸರಿನ ಹಡಗು ಮತ್ತು ಒಂದು ಸಮರದ ಅಣಕವಾಡುಗಳು

ಬ್ರಿಟನ್ನಿನ 13 ವಸಾಹತುಗಳು 1775ರಿಂದ 1783ರವರೆಗೆ ಹೋರಾಡಿ ಅಮೆರಿಕ ಸಂಯುಕ್ತ ಸಂಸ್ಥಾನವಾದ ಕಾಲದ ಪದ್ಯಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಹೈದರಾಲಿಯ ಹೆಸರಿನ ಯುದ್ಧದ ಹಡಗೊಂದು ಇತ್ತೆಂದೂ ಅದರ ಮೇಲೆ ಅಲ್ಲಿನ ಕವಿಯೊಬ್ಬ ಪದ್ಯ ಬರೆದಿದ್ದಾನೆಂದೂ ನಮ್ಮೂರಿಗೆ ಬಂದಿದ್ದ ಪ್ರವಾಸಿಗರೊಬ್ಬರು ಹೇಳಿದರು. ಇದು ನಿಜವೇ ಅಥವಾ ನಮ್ಮನ್ನು ಮೆಚ್ಚಿಸಲು ಆಡಿದ ಮಾತೇ? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ನಿಜವೇ. ಡೆಲವೇರ್ ನದಿಯ ಮುಖದಲ್ಲಿ ತನ್ನ ವ್ಯಾಪಾರದ ಹಡಗುಗಳನ್ನು ಕಾಯುವುದಕ್ಕಾಗಿ ಪೆನ್ಸಿಲ್ವೇನಿಯಾ 1782ರಲ್ಲಿ ಸಜ್ಜುಗೊಳಿಸಿದ ಹಡಗಿನ ಹೆಸರು ‘ಹೈದರ್ ಅಲಿ’. ಅದರ ಕಪ್ತಾನ ಜೋಶುವಾ ಬಾರ್ನಿಗೆ ಆಗ ಕೇವಲ 22 ವರ್ಷ. ಆ ವರ್ಷದ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಆತ ತನಗಿಂತ ಹೆಚ್ಚು ಬಲವಿದ್ದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸುಮಾರು ಅರ್ಧ ಗಂಟೆಯ ಕಾಳಗದಲ್ಲಿ ಸೆರೆಹಿಡಿದ. ತಾನು ಗಟ್ಟಿಯಾಗಿ ಕೂಗಿ ಹೇಳುವ ಆಜ್ಞೆಗೆ ತದ್ವಿರುದ್ಧವಾಗಿ ಚುಕ್ಕಾಣಿ ತಿರುಗಿಸಬೇಕೆಂದು ಚುಕ್ಕಾಣಿಗನಿಗೆ ಮೊದಲೇ ಗುಟ್ಟಾಗಿ ಹೇಳಿದ್ದನಂತೆ. ಎದುರಾಳಿ ಆ ಕೂಗನ್ನು ನಂಬಿ ಮೋಸಹೋಯಿತು ಎನ್ನುವ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಪದ್ಯ ಬರೆದವನು ಫಿಲಿಪ್ ಫ್ರೆನೊ. ಫಿಲಡೆಲ್ಫಿಯಾದ ‘ಫ್ರೀಮನ್ಸ್ ಜರ್ನಲ್’ ಪತ್ರಿಕೆಗೆ ಬ್ರಿಟಿಷರ ವಿರುದ್ಧ ಚಾಟಿಯೇಟಿನಂಥ ಪದ್ಯಗಳನ್ನು ಬರೆಯುತ್ತಿದ್ದ ಈತ ಗೆಲುವಿನ ಮೇಲೊಂದು ಹಾಡು ಕಟ್ಟಿದ. ಅದಲ್ಲದೆ ‘ಬಾರ್ನಿಯ ಆಹ್ವಾನ’ ಎಂಬ, ಹಡಗಿಗೆ ಆಳುಗಳನ್ನು ಕರೆಯುವ ಇನ್ನೊಂದು ಹಾಡನ್ನೂ ಬರೆದ. ನಿಮಗೆ ಬೇಕಾದ ಸಾಲುಗಳು ಇರುವುದು ಈ ಎರಡನೆಯದರಲ್ಲಿ. ಈ ಹಡಗು ತನ್ನ ಹೆಸರನ್ನು ಪೂರ್ವದೇಶದ ದೊರೆಯೊಬ್ಬನಿಂದ ಪಡೆದಿದೆ, ಸ್ವಾತಂತ್ರ್ಯದ ಪವಿತ್ರ ಜ್ವಾಲೆ ತಾಗಿದ ಆ ದೊರೆ ಅನ್ಯರ ನಾಡನ್ನು ಕಬಳಿಸುವ ಬ್ರಿಟನ್ನರಿಗೆ ಅವಮಾನದ ರುಚಿ ತೋರಿಸಿ ತನ್ನ ನೆಲಕ್ಕಾದ ಅನ್ಯಾಯದ ಸೇಡು ತೀರಿಸಿಕೊಂಡ ಎಂಬುದು ಆ ಸಾಲುಗಳ ತಾತ್ಪರ್ಯ.

ಹೈದರ್ ಮತ್ತು ಟಿಪ್ಪು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ದಂಡನ್ನು ನುಚ್ಚುನೂರು ಮಾಡಿದ್ದು 1780ರ ಸೆಪ್ಟೆಂಬರ್ 10ರಂದು. ಆ ಕಾಳಗದ ಚಿತ್ರ, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿಯ ಸಮೇತ, ನಿಮ್ಮೂರಿನ ದರಿಯಾ ದೌಲತ್ತಿನ ಗೋಡೆಯ ಮೇಲೇ ಇದೆ. ಬ್ರಿಟಿಷರನ್ನು ಹಣ್ಣುಗಾಯಿ ಮಾಡಿದವನು ಯಾರೇ ಆಗಿರಲಿ, ಅವನು ಫಿಲಡೆಲ್ಫಿಯಾದವರಿಗೆ ಬಂಧುವಾಗಿದ್ದ ಕಾಲ ಅದು. ಫ್ರಾನ್ಸು ಇಬ್ಬರಿಗೂ ಮಿತ್ರನಾಗಿತ್ತು. 1761ರಲ್ಲಿ ಒಡೆಯರ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿದ್ದ ಹೈದರನನ್ನು ಹೊಗಳುತ್ತ ಬ್ರಿಟನ್ನರನ್ನಷ್ಟೇ ಕಬಳಿಸುವವರೆಂದು ಕರೆಯುವಾಗ ಫ್ರೆನೊಗೆ ಮೈಸೂರಿನ ಇತಿಹಾಸ ಅಷ್ಟಾಗಿ ಬೇಕಿರಲಿಲ್ಲ ಎನ್ನುವುದು ಸ್ಪಷ್ಟ. ಅವನಿಗೆ ಬೇಕಾಗಿದ್ದದ್ದು ಒಂದು ಹೆಸರು, ಮತ್ತು ಆ ಹೆಸರು ಎದುರಾಳಿಯ ಕಿವಿಯಲ್ಲಿ ಉಂಟುಮಾಡುವ ಉರಿ.

ಹೆಸರಿನ ಮಾತು ಬಂದಿರುವುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಸೆರೆಸಿಕ್ಕ ‘ಜನರಲ್ ಮಂಕ್’ ಮೂಲತಃ ‘ಜನರಲ್ ವಾಷಿಂಗ್ಟನ್’ ಎಂಬ ಅಮೆರಿಕನ್ ಹಡಗು. 1780ರಲ್ಲಿ ಅದನ್ನು ಹಿಡಿದ ಬ್ರಿಟಿಷರು ಅದಕ್ಕೆ, 1660ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೆ ಮತ್ತೆ ದೊರೆಯನ್ನು ತಂದು ಕೂರಿಸಿದ ಸೇನಾನಿ ಮಂಕ್‌ನ ಹೆಸರಿಟ್ಟರು. ದೊರೆಯನ್ನು ಒಲ್ಲೆನೆಂದ ಸೇನಾನಿಯ ಹೆಸರನ್ನು ಅಳಿಸಿ, ದೊರೆಯನ್ನು ಮರಳಿ ಕರೆತಂದ ಸೇನಾನಿಯ ಹೆಸರನ್ನು ಬರೆಯುವುದು ನನ್ನ ಕಣ್ಣಿಗೆ ಒಂದು ಚುಟುಕವೇ. ಆ ಚುಟುಕಕ್ಕೆ ಹೈದರನ ಹೆಸರಿನ ಹಡಗು ಉತ್ತರ ಕೊಟ್ಟಿತು.

ಪ್ರಶ್ನೆ: ಆ ಸಮರದಿಂದ ಒಂದೂ ದೊಡ್ಡ ಕಾವ್ಯ ಹುಟ್ಟಲಿಲ್ಲ, ಹುಟ್ಟಿದ್ದೆಲ್ಲ ಲೇವಡಿಯ ಪದ್ಯಗಳು ಎಂದು ನಮ್ಮ ಅಧ್ಯಾಪಕರು ತರಗತಿಯಲ್ಲಿ ಹೇಳಿದರು. ತಾವು ಒಪ್ಪುತ್ತೀರಾ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಮಾತನ್ನು ಒಪ್ಪುತ್ತೇನೆ, ಅದರ ಹಿಂದಿರುವ ತಾತ್ಸಾರವನ್ನು ಒಪ್ಪುವುದಿಲ್ಲ. ಮಹಾಕಾವ್ಯದ ಪ್ರಯತ್ನಗಳೇನೋ ನಡೆದವು. ಜೋಯಲ್ ಬಾರ್ಲೋ 1787ರಲ್ಲಿ ಕೊಲಂಬಸ್ಸನಿಗೆ ಅಮೆರಿಕದ ಭವಿಷ್ಯದ ದರ್ಶನ ಮಾಡಿಸುವ ಉದ್ದನೆಯ ಕಾವ್ಯವೊಂದನ್ನು ಪ್ರಕಟಿಸಿ, ದೊರೆಯನ್ನು ತೊರೆದ ನಾಡಿನ ಆ ಕಾವ್ಯವನ್ನು ಫ್ರಾನ್ಸಿನ ದೊರೆ 16ನೇ ಲೂಯಿಗೆ ಅರ್ಪಿಸಿದ. ಅದನ್ನು ಇಂದು ಪರೀಕ್ಷೆಗಲ್ಲದೆ ಬೇರೆ ಕಾರಣಕ್ಕೆ ಓದುವವರು ವಿರಳ. ಗಂಭೀರ ಕವಿಗಳು ಇಂಗ್ಲೆಂಡಿನ ಹಿರಿಯ ಕವಿಗಳ ಉಡುಪನ್ನೇ ತೊಟ್ಟುಕೊಂಡು ಇಂಗ್ಲೆಂಡಿನಿಂದ ಬಿಡುಗಡೆ ಬೇಕೆಂದು ಹಾಡುತ್ತಿದ್ದರು, ಆ ಉಡುಪು ಅವರ ಮೈಗೆ ಸಡಿಲವಾಗಿತ್ತು. ವಿಡಂಬನೆಗೆ ಈ ತೊಡಕು ಇರಲಿಲ್ಲ, ಏಕೆಂದರೆ ಎದುರಾಳಿಯ ಉಡುಪನ್ನು ತೊಟ್ಟು ಕುಣಿಯುವುದೇ ಅದರ ಕಸುಬು.

ಇದು ಹೇಗೆ ನಡೆಯುತ್ತಿತ್ತು ಎಂಬುದನ್ನು ಗಮನಿಸಿ. ಅಂದಿನ ಪದ್ಯಗಳು ಹೆಚ್ಚಾಗಿ ಪತ್ರಿಕೆಗಳ ಮೂಲೆಯಲ್ಲಿಯೋ ಒಂಟಿ ಹಾಳೆಗಳಲ್ಲಿಯೋ ಅಚ್ಚಾಗುತ್ತಿದ್ದವು. ಸ್ವರಲಿಪಿ ಬೇಕಿರಲಿಲ್ಲ. ನಮ್ಮ ಯಕ್ಷಗಾನ ಪ್ರಸಂಗಗಳಲ್ಲಿ ಪದ್ಯದ ನೆತ್ತಿಯ ಮೇಲೆ ರಾಗತಾಳವನ್ನು ಸೂಚಿಸಿದಂತೆ, ಅಲ್ಲಿ ಜನರಿಗೆ ಗೊತ್ತಿರುವ ಯಾವುದೋ ಹಾಡಿನ ಹೆಸರನ್ನು ಹಾಕಿ ಇದೇ ಮಟ್ಟಿನಲ್ಲಿ ಹಾಡಿರಿ ಎಂದರೆ ಮುಗಿಯಿತು. ಜಾನ್ ಡಿಕಿನ್‌ಸನ್ 1768ರಲ್ಲಿ ಬರೆದ ‘ಲಿಬರ್ಟಿ ಸಾಂಗ್’ ಹೊಸ ತೆರಿಗೆಗಳನ್ನು ವಿರೋಧಿಸುವ ಹಾಡಾದರೂ, ಅದರ ಮಟ್ಟು ಬ್ರಿಟಿಷ್ ನೌಕಾಪಡೆ ಎದೆಯುಬ್ಬಿಸಿ ಹಾಡುತ್ತಿದ್ದ ‘ಹಾರ್ಟ್ ಆಫ್ ಓಕ್’ನದು. ಕೆಲವೇ ವಾರಗಳಲ್ಲಿ ಸರ್ಕಾರದ ಪರವಾದವರು ಅದಕ್ಕೊಂದು ಅಣಕವಾಡನ್ನು ಬರೆದರು. ಆ ಅಣಕವಾಡಿಗೆ ಈ ಕಡೆಯಿಂದ ಮತ್ತೊಂದು ಅಣಕವಾಡು ಬಂತು. ಮೊದಲ ಗುಂಡು ಹಾರುವುದಕ್ಕೆ ಇನ್ನೂ ಆರೇಳು ವರ್ಷಗಳಿದ್ದವು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಪೀಪಾಯಿಗಳ ಕದನ’. ಫಿಲಡೆಲ್ಫಿಯಾ ಬ್ರಿಟಿಷರ ವಶದಲ್ಲಿದ್ದ 1778ರ ಜನವರಿಯಲ್ಲಿ ಡೇವಿಡ್ ಬುಶ್ನೆಲ್ ಎಂಬ ಜಾಣ ಪೀಪಾಯಿಗಳಲ್ಲಿ ಮದ್ದು ತುಂಬಿ, ಶತ್ರುವಿನ ಹಡಗುಗಳಿಗೆ ತಾಗಿ ಸಿಡಿಯಲಿ ಎಂದು ಡೆಲವೇರ್ ನದಿಯಲ್ಲಿ ತೇಲಿಬಿಟ್ಟ. ಒಂದು ಸ್ಫೋಟವನ್ನು ಬಿಟ್ಟರೆ ಹಡಗುಗಳಿಗೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಆದರೆ ಬೆದರಿದ ಸೈನಿಕರು ದಡದಲ್ಲಿ ಸಾಲುಗಟ್ಟಿ, ನದಿಯಲ್ಲಿ ತೇಲಿಬಂದ ಮರದ ತುಂಡುಗಳಿಗೂ ಗುಂಡು ಹೊಡೆಯುತ್ತ ನಿಂತರು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ಫ್ರಾನ್ಸಿಸ್ ಹಾಪ್ಕಿನ್‌ಸನ್ ಇದನ್ನು ಕುಣಿತದ ನಡೆಯ ಲಾವಣಿಯಾಗಿಸಿದ. ಪೀಪಾಯಿಗಳೊಳಗೆ ಉಪ್ಪಿನ ಮೀನಿನಂತೆ ಬಂಡಾಯಗಾರರನ್ನು ಅಡಕಿ ಕಳಿಸಿದ್ದಾರೆ ಎಂದು ನಂಬಿದ ಸೈನಿಕರು ಸಾಯಂಕಾಲದವರೆಗೆ ವೀರಾವೇಶದಿಂದ ಹೋರಾಡಿ, ಕೊನೆಗೆ ಪೀಪಾಯಿಗಳನ್ನು ಸೋಲಿಸುತ್ತಾರೆ. ದಂಡನಾಯಕ ಸರ್ ವಿಲಿಯಂ ಹೋವ್ ಮಾತ್ರ ಯಾರದೋ ಮಡದಿಯ ಮಗ್ಗುಲಲ್ಲಿ ಬೆಚ್ಚಗೆ ಗೊರಕೆ ಹೊಡೆಯುತ್ತಿರುತ್ತಾನೆ. ಬುಶ್ನೆಲ್ಲನ ಮದ್ದು ಮಾಡಲಾಗದ ಕೆಲಸವನ್ನು ಈ ಪದ್ಯ ಮಾಡಿತು. ವಿಫಲವಾದ ದಾಳಿಯೊಂದು ಹಾಡಿನಲ್ಲಿ ಗೆದ್ದ ಉದಾಹರಣೆ ಇದಕ್ಕಿಂತ ಚೆನ್ನಾದದ್ದು ನನಗೆ ತಿಳಿದಿಲ್ಲ.

ಇನ್ನು ಜಾನ್ ಟ್ರಂಬುಲ್‌ನ ‘ಮ್ಯಾಕ್‌ಫಿಂಗಲ್’. ಇದರ ಮೊದಲ ಭಾಗ 1776ರ ಆರಂಭದಲ್ಲಿ ಫಿಲಡೆಲ್ಫಿಯಾದಲ್ಲಿಯೂ ನಾಲ್ಕು ಸರ್ಗಗಳ ಪೂರ್ಣ ರೂಪ 1782ರಲ್ಲಿ ಹಾರ್ಟ್‌ಫರ್ಡಿನಲ್ಲಿಯೂ ಅಚ್ಚಾಯಿತು. ನಾಯಕ ಮ್ಯಾಕ್‌ಫಿಂಗಲ್ ದೊರೆಯ ಪಕ್ಷದ ಊರಗೌಡ, ಸ್ಕಾಟ್ಲೆಂಡಿನ ಮೂಲದವನು. ಊರ ಸಭೆಯಲ್ಲಿ ಅವನು ಆಡುವ ಪ್ರತಿಯೊಂದು ವಾದವೂ ತಿರುಗಿ ಅವನ ಪಕ್ಷದ ಹುಳುಕನ್ನೇ ಬಯಲುಮಾಡುತ್ತದೆ. ಕೊನೆಗೆ ಜನ ಅವನನ್ನು ಹಿಡಿದು, ಮೈಗೆ ಡಾಂಬರು ಬಳಿದು ಹಕ್ಕಿಯ ಗರಿ ಅಂಟಿಸಿ ಊರು ಸುತ್ತಿಸುತ್ತಾರೆ. ಮುಂದಾಗುವುದನ್ನು ಕಾಣುವ ಶಕ್ತಿ ಸ್ಕಾಟರಿಗೆ ಇದೆಯೆಂಬ ನಂಬಿಕೆಯನ್ನು ಬಳಸಿಕೊಂಡು, ಕವಿ ಆ ದೊರೆಭಕ್ತನ ಬಾಯಿಂದಲೇ ಬ್ರಿಟನ್ನಿನ ಸೋಲಿನ ಭವಿಷ್ಯವನ್ನು ಹೇಳಿಸುತ್ತಾನೆ. ಟ್ರಂಬುಲ್ ಬಾಸ್ಟನ್ನಿನಲ್ಲಿ ಜಾನ್ ಆಡಮ್ಸನ ಕಚೇರಿಯಲ್ಲಿ ಕಾನೂನು ಕಲಿತವನು, ಗದ್ದಲವೆಂದರೆ ಅವನಿಗೆ ಆಗದು. ಆದ್ದರಿಂದ ಡಾಂಬರು ಬಳಿಯುವ ಗುಂಪಿನ ಮೇಲೂ ಅವನ ನಗೆಯ ಒಂದೆರಡು ಹನಿ ಬೀಳುತ್ತದೆ. ಕೃತಿ ಇಂದಿಗೂ ಓದಿಸಿಕೊಳ್ಳುತ್ತದೆಯಾದರೆ ಅದಕ್ಕೆ ಈ ಹನಿಗಳೇ ಕಾರಣ.

ನಗೆ ಬತ್ತಿಹೋದ ಜಾಗವೊಂದೂ ಇದೆ. ಮೇಲೆ ಹೇಳಿದ ಫ್ರೆನೊ 1780ರಲ್ಲಿ ಸಮುದ್ರದಲ್ಲಿ ಸೆರೆಸಿಕ್ಕು, ನ್ಯೂಯಾರ್ಕಿನ ಬಂದರಿನಲ್ಲಿದ್ದ ‘ಸ್ಕಾರ್ಪಿಯನ್’ ಎಂಬ ಸೆರೆಮನೆ ಹಡಗಿನಲ್ಲಿಯೂ ಆಮೇಲೆ ‘ಹಂಟರ್’ ಎಂಬ ಆಸ್ಪತ್ರೆಯ ಹಡಗಿನಲ್ಲಿಯೂ ಕೊಳೆತ. ಅಂಥ ಹಡಗುಗಳಲ್ಲಿ ಹಸಿವೆಯಿಂದಲೂ ಜ್ವರದಿಂದಲೂ ಸತ್ತವರು ಸಾವಿರಾರು ಮಂದಿ. ಹೊರಬಂದ ಮೇಲೆ 1781ರಲ್ಲಿ ಅವನು ಪ್ರಕಟಿಸಿದ ‘ಬ್ರಿಟಿಷ್ ಸೆರೆಹಡಗು’ ಪದ್ಯದಲ್ಲಿ ಜಾಣತನವಿಲ್ಲ, ಹಲ್ಲು ಕಚ್ಚಿದ ದ್ವೇಷವಿದೆ. ನಿಮ್ಮ ಅಧ್ಯಾಪಕರಿಗೆ ಇದನ್ನೊಮ್ಮೆ ತೋರಿಸಿ ನೋಡಿ.

ಪ್ರಶ್ನೆ: ಮಕ್ಕಳ ಪುಸ್ತಕದಲ್ಲಿರುವ ‘ಯಾಂಕಿ ಡೂಡಲ್’ ಪದ್ಯದಲ್ಲಿ ಟೋಪಿಗೆ ಗರಿ ಸಿಕ್ಕಿಸಿ ಅದನ್ನು ಮ್ಯಾಕರೋನಿ ಎಂದು ಕರೆದ ಎಂದಿದೆ. ತಿನ್ನುವ ಮ್ಯಾಕರೋನಿಗೂ ಗರಿಗೂ ಏನು ಸಂಬಂಧವೆಂದು ಮೊಮ್ಮಗಳು ಕೇಳುತ್ತಿದ್ದಾಳೆ. (ಬೆಂಗಳೂರಿನ ಓದುಗರು)

ಉತ್ತರ: ಮೊಮ್ಮಗಳ ಸಂಶಯ ಸರಿಯಾಗಿಯೇ ಇದೆ. ಆ ಕಾಲದ ಲಂಡನ್ನಿನಲ್ಲಿ ಇಟಲಿಗೆ ಹೋಗಿ ಬಂದು, ಅಲ್ಲಿಯ ಊಟ ಉಡುಪುಗಳನ್ನು ಹೊಗಳುತ್ತ ಎತ್ತರದ ಕೃತಕ ಕೂದಲು ಧರಿಸಿ ತಿರುಗುತ್ತಿದ್ದ ಷೋಕಿಲಾಲರಿಗೆ ಮ್ಯಾಕರೋನಿಗಳೆಂಬ ಅಡ್ಡಹೆಸರಿತ್ತು. ಟೋಪಿಗೆ ಒಂದು ಗರಿ ಸಿಕ್ಕಿಸಿದ ಮಾತ್ರಕ್ಕೆ ತಾನೂ ಲಂಡನ್ನಿನ ಷೋಕಿಲಾಲನಾದೆ ಎಂದು ಬೀಗುವ ಹಳ್ಳಿಗುಗ್ಗು ಎಂಬುದು ಆ ಸಾಲಿನ ಚುಚ್ಚು. ವಸಾಹತಿನವರನ್ನು ಹೀಯಾಳಿಸಲು ಬ್ರಿಟಿಷ್ ಸೈನಿಕರು ಈ ಹಾಡನ್ನು ಬಳಸುತ್ತಿದ್ದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡಿಗೆ ಹೋಗಿದ್ದ ತುಕಡಿಯ ನೆರವಿಗೆಂದು ಬಾಸ್ಟನ್ನಿನಿಂದ ಹೊರಟ ಲಾರ್ಡ್ ಪರ್ಸಿಯ ದಂಡು ಇದನ್ನೇ ನುಡಿಸುತ್ತ ಸಾಗಿತು. ಅಂದು ಸಂಜೆ ಪೆಟ್ಟು ತಿಂದು ಹಿಂದಿರುಗಿದ ಮೇಲೆ ಹಾಡು ಕೈಬದಲಾಯಿತು. 1777ರ ಅಕ್ಟೋಬರ್ 17ರಂದು ಸಾರಟೋಗಾದಲ್ಲಿ ಜನರಲ್ ಬರ್ಗಾಯ್ನ್ ಶರಣಾದಾಗ ಗೆದ್ದ ಅಮೆರಿಕನ್ನರು ನುಡಿಸಿದ್ದೂ ಇದನ್ನೇ. ಬೈಗುಳವನ್ನು ಬಿರುದಾಗಿಸಿಕೊಂಡವರನ್ನು ಮತ್ತೆ ಅದೇ ಬೈಗುಳದಿಂದ ನೋಯಿಸುವುದು ಕಷ್ಟ.

ಪ್ರಶ್ನೆ: ಸೋತವರ ಕಡೆಯಲ್ಲಿ ಕವಿಗಳೇ ಇರಲಿಲ್ಲವೇ? ಎಲ್ಲ ಹಾಸ್ಯವೂ ಗೆದ್ದವರದ್ದೇ ಎಂದರೆ ನಂಬುವುದು ಹೇಗೆ? (ಕುಂದಾಪುರದ ಓದುಗರು)

ಉತ್ತರ: ಇದ್ದರು, ಮತ್ತು ಕೆಲವರು ಬಲು ಚುರುಕಾಗಿದ್ದರು. ನ್ಯೂಜೆರ್ಸಿಯ ಬರ್ಲಿಂಗ್ಟನ್ನಿನ ಪಾದ್ರಿ ಜೊನಾಥನ್ ಓಡೆಲ್ ಬಂಡಾಯದ ನಾಯಕರನ್ನು ಒಬ್ಬೊಬ್ಬರನ್ನಾಗಿ ಕಟಕಟೆಗೆ ಎಳೆದು ಪದ್ಯದಲ್ಲಿ ಝಾಡಿಸಿದ. ಸಮರ ಮುಗಿದ ಮೇಲೆ ಅವನು ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ವಲಸೆ ಹೋಗಬೇಕಾಯಿತು. ಬರ್ಗಾಯ್ನ್ ಸ್ವತಃ ನಾಟಕಕಾರ. ವಾಷಿಂಗ್ಟನ್ನನ ಸೇನೆ ಬಾಸ್ಟನ್ನನ್ನು ಮುತ್ತಿದ್ದಾಗ ಅವನು ಆ ಮುತ್ತಿಗೆಯನ್ನೇ ಗೇಲಿಮಾಡುವ ಪ್ರಹಸನ ಬರೆದಿದ್ದ. 1776ರ ಜನವರಿ 8ರ ರಾತ್ರಿ ಫ್ಯಾನ್ಯುಯಿಲ್ ಹಾಲಿನಲ್ಲಿ ಅದರ ಪ್ರದರ್ಶನವಿದ್ದಾಗ, ರಂಗದ ಮೇಲೆ ಓಡಿಬಂದ ಸೈನಿಕನೊಬ್ಬ ಬಂಡಾಯಗಾರರು ದಾಳಿ ಮಾಡಿದ್ದಾರೆಂದು ಕೂಗಿದ. ಇದೂ ಪ್ರಹಸನದ ಭಾಗವೆಂದು ತಿಳಿದು ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ದಾಳಿ ನಿಜವಾದದ್ದೇ ಆಗಿತ್ತು.

ಆದರೆ ಮನಸ್ಸಿನಲ್ಲಿ ನಿಲ್ಲುವವನು ಬ್ರಿಟಿಷ್ ಸೇನೆಯ ಮೇಜರ್ ಜಾನ್ ಆಂಡ್ರೆ. 1780ರ ಜುಲೈನಲ್ಲಿ ಅಮೆರಿಕನ್ ಸೇನಾನಿ ಆಂಟನಿ ವೇನ್ ನ್ಯೂಯಾರ್ಕಿನ ಬಳಿಯ ಬುಲ್ಸ್ ಫೆರಿಯ ಪುಟ್ಟ ಕಾವಲುಮನೆಯೊಂದನ್ನು ಹಿಡಿಯಲು ಹೋಗಿ ವಿಫಲನಾಗಿ, ಸುತ್ತಲಿನ ದನಗಳನ್ನಷ್ಟೇ ಅಟ್ಟಿಕೊಂಡು ಬಂದ. ಆಂಡ್ರೆ ಅದನ್ನು ‘ದನಗಳ ಬೇಟೆ’ ಎಂದು ಹಳೆಯ ವೀರಲಾವಣಿಯ ಧಾಟಿಯಲ್ಲಿ ಮೂರು ಭಾಗಗಳಲ್ಲಿ ಹಾಡಿದ. ನ್ಯೂಯಾರ್ಕಿನಲ್ಲಿ ದೊರೆಯ ಪರವಾಗಿದ್ದ ಮುದ್ರಕ ಜೇಮ್ಸ್ ರಿವಿಂಗ್ಟನ್ನನ ‘ರಾಯಲ್ ಗೆಜೆಟ್’ ಪತ್ರಿಕೆ ಅದನ್ನು ಅಚ್ಚುಹಾಕಿತು. ಕೊನೆಯ ಚರಣದಲ್ಲಿ ಕವಿ ತನ್ನ ಕಾವ್ಯವನ್ನು ತೋರಿಸಲು ನಡುಗುತ್ತಿದ್ದೇನೆ, ಈ ದನ ಕಾಯುವ ವೀರ ವೇನ್ ಎಂದಾದರೂ ಕವಿಯನ್ನೇ ಹಿಡಿದುಬಿಟ್ಟಾನು ಎಂದು ತಮಾಷೆ ಮಾಡುತ್ತಾನೆ. ಆ ಭಾಗ ಹೊರಬಂದದ್ದು ಸೆಪ್ಟೆಂಬರ್ 23ರಂದು. ಬ್ರಿಟಿಷರ ಜೊತೆ ಗುಟ್ಟಾಗಿ ಕೈಜೋಡಿಸಿದ್ದ ಅಮೆರಿಕನ್ ಸೇನಾನಿ ಬೆನೆಡಿಕ್ಟ್ ಅರ್ನಾಲ್ಡನ ದ್ರೋಹದ ಕಾಗದಗಳನ್ನು ಕಾಲುಚೀಲದಲ್ಲಿ ಅಡಗಿಸಿಕೊಂಡು ಬರುತ್ತಿದ್ದ ಆಂಡ್ರೆ ಅದೇ ದಿನ ಸಿಕ್ಕಿಬಿದ್ದ, ಅಕ್ಟೋಬರ್ 2ರಂದು ಅವನನ್ನು ಗೂಢಚಾರನೆಂದು ಗಲ್ಲಿಗೇರಿಸಿದರು. ಹಿಡಿದವನು ವೇನ್ ಅಲ್ಲ ಎಂಬುದೊಂದೇ ವ್ಯತ್ಯಾಸ. ಆ ಚರಣವನ್ನು ಓದುವಾಗ ನನಗೆ ಪ್ರತಿಸಲವೂ ನಗು ಬಂದು ಅರ್ಧದಲ್ಲಿಯೇ ನಿಂತುಹೋಗುತ್ತದೆ.

ರಿವಿಂಗ್ಟನ್ನನನ್ನೂ ಬಂಡಾಯದ ಕಡೆಯ ಕವಿಗಳು ಬಿಡಲಿಲ್ಲ. ಬ್ರಿಟಿಷರ ಸೋಲು ಖಚಿತವಾದ ಮೇಲೆ, 1782ರಲ್ಲಿ, ಫ್ರೆನೊ ಅವನ ಪರವಾಗಿ ಒಂದು ಉಯಿಲನ್ನೇ ಪದ್ಯದಲ್ಲಿ ಬರೆದುಕೊಟ್ಟ!

ಪ್ರಶ್ನೆ: ಹೆಂಗಸರು ಬರೆದದ್ದು ಏನಾದರೂ ಇದೆಯೇ? ಗುಲಾಮರನ್ನು ಇಟ್ಟುಕೊಂಡು ಸ್ವಾತಂತ್ರ್ಯದ ಹಾಡು ಹಾಡಿದವರನ್ನು ಯಾರೂ ಗೇಲಿ ಮಾಡಲಿಲ್ಲವೇ? (ಹಾಸನದ ಓದುಗರು)

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದು ಪುಸ್ತಕದ ಮೊದಲ ಪುಟಗಳಲ್ಲಿ ಸೇರುತ್ತದೆ. ಮ್ಯಾಸಚೂಸೆಟ್ಸಿನ ಮರ್ಸಿ ಓಟಿಸ್ ವಾರೆನ್ 1772ರಿಂದಲೇ ತನ್ನ ಹೆಸರು ಹಾಕದೆ ಪತ್ರಿಕೆಗಳಲ್ಲಿ ಪದ್ಯನಾಟಕಗಳನ್ನು ಪ್ರಕಟಿಸಿದಳು. ರಂಗದ ಮೇಲೆ ಆಡುವುದಕ್ಕಲ್ಲ, ಓದುವುದಕ್ಕಾಗಿ ಬರೆದವು ಅವು. ಅವುಗಳಲ್ಲಿ ರಪಾಷಿಯೋ ಎಂಬ ದುರಾಸೆಯ ಅಧಿಕಾರಿಯ ಮುಖವಾಡದ ಹಿಂದೆ ಇರುವವನು ಗವರ್ನರ್ ಥಾಮಸ್ ಹಚಿನ್‌ಸನ್ ಎಂಬುದು ಬಾಸ್ಟನ್ನಿನವರಿಗೆ ತಿಳಿಯದೆ ಇರಲಿಲ್ಲ.

ಇದೇ ಹಚಿನ್‌ಸನ್‌ನ ಹೆಸರು, ಅವನ ಎದುರಾಳಿ ಜಾನ್ ಹ್ಯಾನ್‌ಕಾಕನ ಹೆಸರಿನ ಜೊತೆಯಲ್ಲಿ, 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕವನ ಸಂಕಲನವೊಂದರ ಆರಂಭದಲ್ಲಿದೆ. 18 ಗಣ್ಯ ಗಂಡಸರು ಸಹಿ ಹಾಕಿ, ಈ ಪದ್ಯಗಳನ್ನು ಈ ಹುಡುಗಿಯೇ ಬರೆದಿದ್ದಾಳೆಂದು ನಂಬುತ್ತೇವೆ ಎಂದು ಸಾಕ್ಷಿ ಹೇಳಿದ್ದಾರೆ. ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬರದ ಇಬ್ಬರು ಒಂದಾದದ್ದು ಇಲ್ಲಿ. ಹುಡುಗಿ ಫಿಲಿಸ್ ವೀಟ್ಲಿ. ಪಶ್ಚಿಮ ಆಫ್ರಿಕದಿಂದ ಏಳೆಂಟು ವರ್ಷದ ಮಗುವಾಗಿದ್ದಾಗ ಕದ್ದು ತಂದು, 1761ರಲ್ಲಿ ಬಾಸ್ಟನ್ನಿನಲ್ಲಿ ಅವಳನ್ನು ಮಾರಲಾಗಿತ್ತು. ಫಿಲಿಸ್ ಎಂಬುದು ಅವಳನ್ನು ಹೊತ್ತುತಂದ ಹಡಗಿನ ಹೆಸರು. ವಸಾಹತುಗಳ ಮಂತ್ರಿಯಾದ ಲಾರ್ಡ್ ಡಾರ್ಟ್‌ಮತ್‌ಗೆ ಬರೆದ ಪದ್ಯದಲ್ಲಿ, ನನಗೆ ಸ್ವಾತಂತ್ರ್ಯದ ಹಂಬಲ ಎಲ್ಲಿಂದ ಬಂತೆಂದು ಕೇಳುವಿರಾದರೆ ಕೇಳಿರಿ, ನನ್ನನ್ನು ತಂದೆಯ ಮಡಿಲಿನಿಂದ ಕಿತ್ತು ತಂದಿದ್ದಾರೆ ಎಂದು ಅವಳು ಹೇಳುತ್ತಾಳೆ. 1775ರಲ್ಲಿ ವಾಷಿಂಗ್ಟನ್ನನಿಗೂ ಒಂದು ಪದ್ಯ ಕಳಿಸಿದಳು. ಅನೇಕ ಗುಲಾಮರ ಒಡೆಯನಾದ ಆತ 1776ರ ಫೆಬ್ರುವರಿ 28ರಂದು ಅತ್ಯಂತ ವಿನಯದಿಂದ ಉತ್ತರ ಬರೆದ.

ವಿಡಂಬನೆ ಎಂದು ನಾನು ಎಣಿಸುವುದು ಅವಳ ಪದ್ಯವನ್ನಲ್ಲ, 1774ರ ಫೆಬ್ರುವರಿಯಲ್ಲಿ ಮೊಹೀಗನ್ ಪಂಗಡದ ಪಾದ್ರಿ ಸ್ಯಾಮ್ಸನ್ ಆಕಮ್‌ಗೆ ಬರೆದ ಕಾಗದವನ್ನು. ಸ್ವಾತಂತ್ರ್ಯಕ್ಕಾಗಿ ಕೂಗುವ ಬಾಯಿಯೂ ಪರರನ್ನು ತುಳಿಯುವ ಕೈಯೂ ಒಂದೇ ಮೈಯಲ್ಲಿ ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ತಿಳಿಯಲು ದೊಡ್ಡ ತತ್ತ್ವಜ್ಞಾನಿಯ ಬುದ್ಧಿಯೇನೂ ಬೇಕಾಗಿಲ್ಲ ಎಂಬುದು ಅದರ ಮುಕ್ತಾಯದ ಭಾವ. ಅದು ನ್ಯೂ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ಟ್ರಂಬುಲ್, ಹಾಪ್ಕಿನ್‌ಸನ್ ಇಬ್ಬರ ಪದ್ಯಗಳನ್ನೂ ಒಟ್ಟಿಗೆ ತೂಗಿದರೂ ಆ ಒಂದು ವಾಕ್ಯದ ಮೊನೆ ಅವುಗಳಿಗೆ ಇಲ್ಲ. ಬಿಡುಗಡೆ ಹೊಂದಿದ ವೀಟ್ಲಿ 1784ರ ಡಿಸೆಂಬರಿನಲ್ಲಿ ಬಡತನದಲ್ಲಿ ತೀರಿಕೊಂಡಳು.

ಪ್ರಶ್ನೆ: ಇಷ್ಟರಲ್ಲಿ ಒಂದನ್ನು ಕನ್ನಡಕ್ಕೆ ತರಬೇಕೆಂದರೆ ತಾವು ಯಾವುದನ್ನು ಆರಿಸುತ್ತೀರಿ? (ಶಿವಮೊಗ್ಗದ ಓದುಗರು)

ಉತ್ತರ: ಬೆಂಜಮಿನ್ ಫ್ರಾಂಕ್ಲಿನ್ 1773ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಹೆಸರು ಹಾಕದೆ ಬರೆದ ಎರಡು ಗದ್ಯ ವಿಡಂಬನೆಗಳಲ್ಲಿ ಒಂದನ್ನು. ದೊಡ್ಡ ಸಾಮ್ರಾಜ್ಯವನ್ನು ಚಿಕ್ಕದಾಗಿಸುವ ನಿಯಮಗಳನ್ನು ಹೇಳುವ ಮೊದಲನೆಯದು, ಸಾಮ್ರಾಜ್ಯವೂ ದೊಡ್ಡ ಕೇಕಿನಂತೆ ಅಂಚಿನಿಂದಲೇ ಸುಲಭವಾಗಿ ಸವೆಯುತ್ತದೆ ಎಂದು ಶುರುವಾಗುತ್ತದೆ (ಅನುವಾದದಲ್ಲಿ ಕೇಕನ್ನು ಜೋಳದ ರೊಟ್ಟಿಯಾಗಿಸಲು ನನ್ನ ಕೈ ತುರಿಸುತ್ತದೆ). ಆದರೆ ಆರಿಸುವುದಾದರೆ ಎರಡನೆಯದು. ಪ್ರಷ್ಯದ ದೊರೆ ಒಂದು ಶಾಸನ ಹೊರಡಿಸುತ್ತಾನೆ: ಬ್ರಿಟನ್ನಿನಲ್ಲಿ ಮೊದಲು ನೆಲೆಸಿದವರು ಜರ್ಮನರಾದ್ದರಿಂದ ಅದು ನಮ್ಮ ವಸಾಹತು, ಇನ್ನು ಮುಂದೆ ಅವರು ನಮಗೆ ಸುಂಕ ಕಟ್ಟಬೇಕು, ಕಬ್ಬಿಣದ ಕಾರ್ಖಾನೆ ಇಡಬಾರದು, ನಮ್ಮ ಸೆರೆಮನೆಗಳ ಕಳ್ಳಕಾಕರನ್ನು ಅವರ ದ್ವೀಪಕ್ಕೆ ಸಾಗಿಸಲಾಗುವುದು. ಪ್ರತಿಯೊಂದು ಕಟ್ಟಳೆಯೂ ಅಮೆರಿಕದ ಮೇಲೆ ಬ್ರಿಟನ್ ಹೇರಿದ ಕಾನೂನಿನ ನಕಲು. ಪತ್ರಿಕೆ ಬಂದ ದಿನ ಫ್ರಾಂಕ್ಲಿನ್ ಒಬ್ಬ ಪ್ರಭುವಿನ ಹಳ್ಳಿಮನೆಯಲ್ಲಿ ಅತಿಥಿಯಾಗಿದ್ದ. ಪಕ್ಕದ ಕೋಣೆಯಿಂದ ಪಾಲ್ ವೈಟ್‌ಹೆಡ್ ಎಂಬುವನು ಕಾಗದ ಹಿಡಿದು ಓಡಿಬಂದು, ಪ್ರಷ್ಯದ ದೊರೆ ನಮ್ಮ ರಾಜ್ಯದ ಮೇಲೆ ಹಕ್ಕು ಸಾಧಿಸುತ್ತಿದ್ದಾನೆ ಎಂದು ಅರಚಿ, ಎಲ್ಲರಿಗೂ ಓದಿ ಹೇಳತೊಡಗಿದ. ಕೇಳುತ್ತಿದ್ದ ಇನ್ನೊಬ್ಬ ಸಿಟ್ಟಿಗೆದ್ದು, ಮುಂದಿನ ಟಪ್ಪಾಲಿನಲ್ಲಿ ಅವನು ಒಂದು ಲಕ್ಷ ದಂಡಿನೊಡನೆ ಹೊರಟ ಸುದ್ದಿಯೇ ಬಂದೀತು ಎಂದ. ವೈಟ್‌ಹೆಡ್ ಮಾತ್ರ ಓದುತ್ತ ಓದುತ್ತ ನಿಲ್ಲಿಸಿ, ಫ್ರಾಂಕ್ಲಿನ್ನನ ಮುಖವನ್ನೇ ದಿಟ್ಟಿಸಿ, ಇದು ನಮ್ಮ ಮೇಲೆ ನೀವು ಮಾಡಿದ ಅಮೆರಿಕನ್ ಕುಚೇಷ್ಟೆಯಲ್ಲದಿದ್ದರೆ ನನ್ನನ್ನು ನೇಣಿಗೇರಿಸಿ ಎಂದನಂತೆ. ಇದನ್ನು ಫ್ರಾಂಕ್ಲಿನ್ನನೇ ಮಗನಿಗೆ ಬರೆದ ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಆ ಮಗ ವಿಲಿಯಂ ನ್ಯೂಜೆರ್ಸಿಯ ಗವರ್ನರನಾಗಿದ್ದು, ಸಮರದುದ್ದಕ್ಕೂ ದೊರೆಯ ಪಕ್ಷದಲ್ಲಿಯೇ ಉಳಿದ.